ಮೂರು ವಾರ ತಡವಾಗಿ ಬಂದ ಪ್ರಶ್ನೆ

ಬಾಗಿಲ ಬಳಿ ನಿಂತಿದ್ದ ಸಂಶೋಧನಾ ವಿದ್ಯಾರ್ಥಿನಿಯ ಕೈಯಲ್ಲಿ ಒಂದೇ ಒಂದು ಹಾಳೆ ಇತ್ತು. ಅದರಲ್ಲಿ ಹಳದಿ ಬಣ್ಣ ಬಳಿದ ಒಂದು ಸಾಲು. ಮನೆ ಸಂಖ್ಯೆ 112. ಮೊದಲ ಸುತ್ತಿನ ಸಮೀಕ್ಷೆಯಲ್ಲಿ ಆ ಮನೆಯ ಯಜಮಾನನ ವಯಸ್ಸು 34. ಮೂರು ವರ್ಷಗಳ ನಂತರ ನಡೆದ ಎರಡನೆಯ ಸುತ್ತಿನಲ್ಲಿ 61.

ನಾನು ಅರ್ಥಶಾಸ್ತ್ರ ಕಲಿಸುವವಳು. ದುಡಿಯುವವರು ವಲಸೆ ಹೋದರೆ ಮನೆಯಲ್ಲಿ ಉಳಿದ ಮಕ್ಕಳ ಓದು ಏನಾಗುತ್ತದೆ ಎಂಬುದು ನನ್ನ ಪ್ರಬಂಧದ ಪ್ರಶ್ನೆಯಾಗಿತ್ತು. ಸಹಲೇಖಕರ ಜೊತೆ ಆರು ವರ್ಷ ಅದರ ಮೇಲೆ ದುಡಿದಿದ್ದೆ. ವಲಸೆಯಿಂದ ಮಕ್ಕಳ ಓದಿಗೆ ದೊಡ್ಡ ಪೆಟ್ಟು ಬೀಳುತ್ತದೆ ಎಂದು ನಮ್ಮ ಲೆಕ್ಕ ಹೇಳುತ್ತಿತ್ತು. ಒಳ್ಳೆಯ ನಿಯತಕಾಲಿಕೆಯೊಂದರಿಂದ ‘ತಿದ್ದಿ ಮತ್ತೆ ಕಳುಹಿಸಿ’ ಎಂಬ ಉತ್ತರವೂ ಬಂದಿತ್ತು. ಹೊರಗಿನವರಿಗೆ ಇದು ಅರ್ಧ ತಿರಸ್ಕಾರದಂತೆ ಕೇಳಿಸಬಹುದು. ನಮ್ಮ ವೃತ್ತಿಯಲ್ಲಿ ಇಂಥ ಪತ್ರ ಬಂದ ದಿನ ಸಹೋದ್ಯೋಗಿಗಳು ಕೈಕುಲುಕುತ್ತಾರೆ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಸ್ಟೆಫಾನೊ ಡೆಲ್ಲಾವಿಗ್ನಾ 2013ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಮುಂಚೂಣಿಯ ಐದು ನಿಯತಕಾಲಿಕೆಗಳಿಗೆ ಬರುವ ಪ್ರಬಂಧಗಳ ಸಂಖ್ಯೆ 1990ರಿಂದ 2012ರೊಳಗೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಅಚ್ಚಾಗುವವು ಮಾತ್ರ 1970ರ ದಶಕದ ಕೊನೆಯಲ್ಲಿ ವರ್ಷಕ್ಕೆ 400ರಷ್ಟಿದ್ದದ್ದು 300ರಷ್ಟಕ್ಕೆ ಇಳಿದವು. ನೂರರಲ್ಲಿ ಹದಿನೈದಕ್ಕೆ ತೆರೆಯುತ್ತಿದ್ದ ಬಾಗಿಲು ಆರಕ್ಕೆ ಕಿರಿದಾಯಿತು. ಅದರಾಚೆಯ ನಿಯತಕಾಲಿಕೆಗಳಲ್ಲೂ ಸಾಲು ಉದ್ದವೇ. ಕೆಲಸ ಖಾಯಂ ಆಗುವುದೂ ಬಡ್ತಿ ಸಿಗುವುದೂ ಇದೇ ಬಾಗಿಲ ಮೇಲೆ ನಿಂತಿರುತ್ತದೆ.

ಹಾಗಾಗಿ 61 ಎಂಬ ಅಂಕಿಯನ್ನು ನೋಡಿದಾಗ ನನಗೆ ಮೊದಲು ಹೊಳೆದದ್ದು, ಯಜಮಾನ ಬದಲಾಗಿರಬೇಕು ಎಂಬ ಸಮಾಧಾನ. ಮಗ ವಲಸೆ ಹೋದ, ತಂದೆ ಯಜಮಾನನಾದ. ನಮ್ಮ ಪ್ರಬಂಧದ ಕಥೆಯೇ ಅದಲ್ಲವೇ? ಅವಳು ಮೆಲ್ಲಗೆ ಹೇಳಿದಳು: ‘ಮನೆಯ ಒಬ್ಬರ ಹೆಸರೂ ಹೊಂದುತ್ತಿಲ್ಲ, ಮೇಡಂ.’

ಅಂದು ಸಂಜೆಯವರೆಗೂ ಇಬ್ಬರೂ ಕೂತು ಕೋಡನ್ನು ಸಾಲುಸಾಲಾಗಿ ಓದಿದೆವು. ತಪ್ಪು ನಾನು ಬರೆದ ಒಂದೇ ಸಾಲಿನಲ್ಲಿತ್ತು. ಪ್ರತಿ ಮನೆಗೂ ಒಂದು ಗುರುತು ಸಂಖ್ಯೆ ಬೇಕೆಂದು ಹಳ್ಳಿಯ ಸಂಖ್ಯೆಯ ಮುಂದೆ ಮನೆಯ ಸಂಖ್ಯೆಯನ್ನು ಅಂಟಿಸಿದ್ದೆ. ಒಂದನೆಯ ಹಳ್ಳಿಯ ಹನ್ನೆರಡನೆಯ ಮನೆ 112 ಆಯಿತು. ಹನ್ನೊಂದನೆಯ ಹಳ್ಳಿಯ ಎರಡನೆಯ ಮನೆಯೂ 112 ಆಯಿತು. ಎಡಗಡೆ ಸೊನ್ನೆ ಸೇರಿಸಿ 01012, 11002 ಎಂದು ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದೇ ಸಂಖ್ಯೆ ಎರಡು ಬಾರಿ ಕಂಡಾಗ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಅಳಿಸುವಂತೆ ಮುಂದಿನ ಸಾಲು ಹೇಳುತ್ತಿತ್ತು. ಮೊದಲ ಸುತ್ತಿನ ಕಡತ ಹಳ್ಳಿಗಳ ಸಂಖ್ಯೆಯ ಕ್ರಮದಲ್ಲಿತ್ತು, ಅಂದರೆ ರಸ್ತೆ ಪಕ್ಕದ ಹಳ್ಳಿಗಳು ಮೊದಲು. ಎರಡನೆಯದು ಸಮೀಕ್ಷಕರು ಓಡಾಡಿದ ಕ್ರಮದಲ್ಲಿತ್ತು, ಅವರು ದೂರದ ಹಳ್ಳಿಗಳಿಂದ ಶುರು ಮಾಡಿದ್ದರು. ಹೀಗೆ ರಸ್ತೆ ಪಕ್ಕದ ಮನೆಯ ಮೊದಲ ಸುತ್ತಿಗೆ ಒಳನಾಡಿನ ಬೇರೊಂದು ಮನೆಯ ಎರಡನೆಯ ಸುತ್ತು ಅಂಟಿಕೊಂಡಿತು. ಹಳೆಯ ಸದಸ್ಯರು ಕಾಣದಿದ್ದಾಗ ನಮ್ಮ ಕೋಡ್ ಅವರನ್ನು ವಲಸೆ ಹೋದವರೆಂದು ಬರೆದುಕೊಂಡಿತು. ದೂರದ ಹಳ್ಳಿಯ ಮಕ್ಕಳು ಮೊದಲಿನಿಂದಲೂ ಕಡಿಮೆ ಓದಿದವರು. ವಲಸೆ ಅವರ ಓದನ್ನು ಕೆಡಿಸಿತು ಎಂದು ನಾವು ತೀರ್ಮಾನಿಸಿದ್ದೆವು.

ಎಲ್ಲೂ ಹೋಗದ ಜನರನ್ನು ನಾವೇ ವಲಸೆ ಕಳುಹಿಸಿದ್ದೆವು.

ಸರಿಪಡಿಸಿ ಮತ್ತೆ ಲೆಕ್ಕ ಹಾಕಿದಾಗ ಪರಿಣಾಮ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಪಟ್ಟಿಯಲ್ಲಿ ಗುಣಾಂಕದ ಪಕ್ಕ ಮಿನುಗುತ್ತಿದ್ದ ಮೂರು ನಕ್ಷತ್ರಗಳೂ ಹೋದವು. ಅಂದರೆ ಇಂಥ ಫಲಿತಾಂಶ ಬರೀ ಆಕಸ್ಮಿಕವಾಗಿಯೂ ಬಂದಿರಬಹುದು. ಸಹಲೇಖಕರಿಗೆ ಅಂದೇ ರಾತ್ರಿ ಫೋನ್ ಮಾಡಿದೆ. ಅವರ ಬಡ್ತಿಯ ಕಡತ ಆ ಚಳಿಗಾಲದಲ್ಲೇ ಸಮಿತಿಯ ಮುಂದೆ ಹೋಗಬೇಕಿತ್ತು. ಬಹಳ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಕೊನೆಗೆ, ‘ನಾಳೆ ಸಂಪಾದಕರಿಗೆ ಬರೆಯೋಣ’ ಎಂದರು. ಆ ವಾಕ್ಯಕ್ಕೆ ಅವರು ತೆತ್ತ ಬೆಲೆ ನನಗೆ ಗೊತ್ತು. ಅವರ ಮೇಲಿನ ಗೌರವ ಅಂದಿನಿಂದ ಕುಗ್ಗಿಲ್ಲ. ಪ್ರಬಂಧವನ್ನು ಹಿಂದಕ್ಕೆ ಪಡೆದೆವು. ಎರಡು ವರ್ಷಗಳ ನಂತರ ಸಣ್ಣ ನಿಯತಕಾಲಿಕೆಯೊಂದರಲ್ಲಿ ಅದು ಬೇರೆಯೇ ಶೀರ್ಷಿಕೆಯೊಂದಿಗೆ ಅಚ್ಚಾಯಿತು. ಮೂರನೆಯ ಲೇಖಕಿಯಾಗಿ ವಿದ್ಯಾರ್ಥಿನಿಯ ಹೆಸರು ಇತ್ತು.

ಕೋಡಿನ ತಪ್ಪಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಆ ಸಾಲನ್ನು ಅವಳು ಮೂರು ವಾರ ಮೊದಲೇ ನೋಡಿದ್ದಳು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹಿಂದೊಮ್ಮೆ ಬೇರೊಂದು ಅನುಮಾನ ತಂದಾಗ ನಾನು ಪರದೆಯಿಂದ ತಲೆಯೆತ್ತದೆ, ‘ಮೊದಲು ನಿನ್ನ ಕೋಡ್ ಸರಿಯಿದೆಯೇ ನೋಡಿಕೋ’ ಎಂದಿದ್ದೆನಂತೆ. ನನಗೆ ಅದು ನೆನಪೂ ಇರಲಿಲ್ಲ. ಅವಳು ಮೂರು ವಾರ ತನ್ನದೇ ಕೋಡನ್ನು ತಿರುತಿರುಗಿ ನೋಡುತ್ತ ಕಳೆದಿದ್ದಳು.

ಅರ್ಥಶಾಸ್ತ್ರದವರಿಗೆಲ್ಲ ಗೊತ್ತಿರುವ ಪ್ರಸಂಗವೊಂದಿದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರ ಪ್ರಬಂಧದಲ್ಲಿ, ಸರ್ಕಾರದ ಸಾಲ ಜಿಡಿಪಿಯ ಶೇ. 90 ದಾಟಿದ ದೇಶಗಳ ಬೆಳವಣಿಗೆ ಸರಾಸರಿ ಶೂನ್ಯಕ್ಕಿಂತ ತುಸು ಕೆಳಗಿದೆ ಎಂದಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್‌ನಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಿದಾಗ ಅದು ಹೊಂದಲಿಲ್ಲ. ತಪ್ಪು ಅವನದೇ ಇರಬೇಕೆಂದು ಮೊದಲು ಅವನ ಅಧ್ಯಾಪಕರೂ ಎಣಿಸಿದ್ದರು. ಮೂಲ ಲೇಖಕರು ಕಳುಹಿಸಿದ ಎಕ್ಸೆಲ್ ಕಡತ ತೆರೆದಾಗ ಸರಾಸರಿಯ ಸೂತ್ರ ಐದು ದೇಶಗಳನ್ನು ಬಿಟ್ಟಿರುವುದು ಕಂಡಿತು. ಕೆಲವು ವರ್ಷಗಳ ಅಂಕಿಗಳೂ ಲೆಕ್ಕದಿಂದ ಹೊರಗಿದ್ದವು. ಸರಾಸರಿಯಲ್ಲಿ ಯಾವ ದೇಶಕ್ಕೆ ಎಷ್ಟು ತೂಕ ಕೊಡಬೇಕು ಎಂಬ ಕ್ರಮದ ಬಗ್ಗೆಯೂ ಆಕ್ಷೇಪವಿತ್ತು. ಎಲ್ಲವನ್ನೂ ಸರಿಪಡಿಸಿದರೆ ಸರಾಸರಿ ಶೇ. 2.2 ಎಂದು ಅವನೂ ಅವನ ಇಬ್ಬರು ಅಧ್ಯಾಪಕರೂ 2013ರಲ್ಲಿ ಬರೆದರು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ತೀರ್ಮಾನದ ಬಗ್ಗೆ ಚರ್ಚೆ ಮುಂದುವರಿಯಿತು. ಈ ಪ್ರಸಂಗವನ್ನು ನಾನೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಎಕ್ಸೆಲ್ ತಪ್ಪಿನ ಪಾಠವೆಂದೇ ಹೇಳುತ್ತಿದ್ದೆ. ಆ ಹುಡುಗನ ಮಾತಿಗೆ ಕೊನೆಗೆ ಕಿವಿಗೊಟ್ಟ ಇಬ್ಬರು ಅಧ್ಯಾಪಕರ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ಈಗ ಪ್ರಬಂಧ ನಮ್ಮ ಕೋಣೆಯಿಂದ ಹೊರಗೆ ಹೋಗುವ ಮೊದಲು, ಅದರಲ್ಲಿ ಪಾಲಿಲ್ಲದ ಒಬ್ಬರು ಮೂಲ ಕಡತದಿಂದ ಶುರು ಮಾಡಿ ಪ್ರತಿಯೊಂದು ಪಟ್ಟಿಯನ್ನೂ ಮತ್ತೆ ತಯಾರಿಸುತ್ತಾರೆ. ಸೋಮವಾರದ ಮೊದಲ ಒಂದು ಗಂಟೆ ಅನುಮಾನಗಳಿಗೇ ಮೀಸಲು. ಅಂದು ನನ್ನ ಕೋಡನ್ನೂ ಗೋಡೆಯ ಮೇಲೆ ತೆರೆದಿಡುತ್ತೇನೆ, ಮೊದಲ ಅನುಮಾನವನ್ನು ನಾನೇ ಎತ್ತುತ್ತೇನೆ. ಹೀಗೆ ಮಾಡಿದರೆ ವರ್ಷಕ್ಕೊಂದು ಪ್ರಬಂಧ ಕಡಿಮೆಯಾಗುತ್ತದೆ ಎಂದು ಎಚ್ಚರಿಸಿದವರಿದ್ದಾರೆ. ಕಡಿಮೆಯಾಗಿದೆ ಕೂಡ.

ಕಳೆದ ವಾರ ಹೊಸದಾಗಿ ಸೇರಿದ ವಿದ್ಯಾರ್ಥಿಯೊಬ್ಬ ಬಂದ. ಒಂದು ಮನೆಯಲ್ಲಿ ಒಂದೇ ಹೆಸರಿನ ಇಬ್ಬರಿದ್ದಾರೆ, ಒಬ್ಬನ ವಯಸ್ಸು 70, ಇನ್ನೊಬ್ಬನದು 9, ಏನೋ ಎಡವಟ್ಟಾಗಿದೆ ಎಂದ. ಕೈಲಿದ್ದ ಕೆಲಸ ಬಿಟ್ಟು ಮಧ್ಯಾಹ್ನವಿಡೀ ಅವನೊಂದಿಗೆ ಹುಡುಕಿದೆ. ಕೊನೆಗೆ ಸಮೀಕ್ಷಕರು ಕೈಯಲ್ಲಿ ತುಂಬಿದ ಮೂಲ ಹಾಳೆ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಮೊಮ್ಮಗನಿಗೆ ಅಜ್ಜನದೇ ಹೆಸರು. ಅವನು ಹಾಳೆಯನ್ನು ಜೋಪಾನವಾಗಿ ಕಡತಕ್ಕೆ ಸೇರಿಸಿ, ಮುಂದಿನ ಮನೆಯ ಸಾಲಿಗೆ ಹೋದ.