ಯಾರ ಮೀಟರಿಂದ ಎಳೆದ್ರಿ?

ದಸರಾ ಲೈಟಿಂಗ್ ಅಂದ್ರೆ ಎಲ್ರೂ ಸಯ್ಯಾಜಿರಾವ್ ರೋಡು, ಕೆ.ಆರ್. ಸರ್ಕಲ್ಲು ಅಂತ ಓಡ್ತಾರೆ, ಸರಿನೇ, ನಾನೂ ಹೋಗ್ತೀನಿ, ಆದ್ರೆ ಕೃಷ್ಣಮೂರ್ತಿಪುರಂನ ನಮ್ಮ ಕ್ರಾಸಿಗೂ ಒಂದು ಲೈಟಿಂಗ್ ಇದೆ. ಇರೋದು 14 ಮನೆ. ಪಾಡ್ಯದಿಂದ ವಿಜಯದಶಮಿವರೆಗೂ ಆ ತುದಿ ಕಾಂಪೌಂಡಿಂದ ಈ ತುದಿ ಗೇಟಿನವರೆಗೆ ಸೀರಿಯಲ್ ಸೆಟ್ ಒಂದೇ ಸಾಲಾಗಿ ಬರ್ಬೇಕು, ಮಧ್ಯೆ ಎಲ್ಲೂ ಕತ್ತಲೆ ಬಿಡಂಗಿಲ್ಲ. ಡಿಸೈನು ಗಿಸೈನು ಏನಿಲ್ಲ, ಇಷ್ಟೇ ರೂಲ್ಸು.

ಈಗ ಎಲ್ಇಡಿ, ಅರ್ಧ ಗಂಟೆ ಕೆಲಸ. ನಾನು ಚಿಕ್ಕವನಿದ್ದಾಗ ಎರಡು ದಿನ ಹಿಡೀತಿತ್ತು. ಆಗಿನ ಸೆಟ್ಟಲ್ಲಿ 6 ವೋಲ್ಟಿನ 40 ಬಲ್ಬು ಒಂದರ ಹಿಂದೆ ಒಂದು ಸೇರ್ಸಿರೋರು, 40 ಆರ್ಲಿ 240, ಮನೆ ಕರೆಂಟಿಗೆ ಸರಿಹೋಯ್ತು, ಆದ್ರೆ ಒಂದು ಸುಟ್ರೆ 40ಕ್ಕೂ ಗ್ರಹಣ. ಅಪ್ಪ ಏಣಿ ಮೇಲೆ, ಕೈಲಿ ಒಂದು ಒಳ್ಳೆ ಬಲ್ಬು, ನಾನು ಒಳಗೆ ಸ್ವಿಚ್ಚಿನ ಹತ್ರ. "ಆಫ್!" ಅಂತಾರೆ, ಬಲ್ಬ್ ಬದಲಾಯಿಸ್ತಾರೆ, "ಹಾಕೋ!" ಅಂತಾರೆ, ಇಲ್ಲ, ಮತ್ತೆ "ಆಫ್!", ಹಿಂಗೇ 40 ಸಲ, ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆದು ಕರೆದು ಸುಸ್ತು. ಎರಡು ಬಲ್ಬ್ ಒಟ್ಟಿಗೆ ಹೋಗಿದ್ರಂತೂ ಕೇಳ್ಬೇಡಿ, ಒಂದೊಂದೇ ಬದಲಾಯಿಸಿದ್ರೆ ಜನ್ಮದಲ್ಲಿ ಸಿಗಲ್ಲ. ಅಷ್ಟರಲ್ಲಿ ಹಸ್ತಾ ಮಳೆ ಸುರಿದು ಇನ್ಸುಲೇಷನ್ ಟೇಪೆಲ್ಲಾ ಕಿತ್ಕೊಂಡ್ ಬರೋದು.

ಎದುರುಮನೆ ಮೇಷ್ಟ್ರದು ಬೇರೆ ಕಥೆ. ಅವರು ಬಣ್ಣದ ಜೀರೋ ಬಲ್ಬ್ 30 ಹಾಕೋರು, ಜೀರೋ ವ್ಯಾಟ್ ಅಂದ್ಮೇಲೆ ಬಿಲ್ಲೂ ಜೀರೋ ಅಂತ ಅವರ ಲೆಕ್ಕ. ಆ ಬಲ್ಬು ನಿಜಕ್ಕೂ ಒಂದೊಂದು 15 ವ್ಯಾಟ್ ಹತ್ರ ಎಳೆಯುತ್ತೆ, ಒಂದೇ ಉರಿದ್ರೆ ಹಳೇ ಮೀಟರಿನ ಚಕ್ರ ಅಲ್ಲಾಡದೆ ಇರ್ಬಹುದು, 30 ಅಂದ್ರೆ 450 ವ್ಯಾಟು! ಬಿಲ್ ಬಂದ ದಿನ ಮೇಷ್ಟ್ರು ಗಣಿತ ಹೇಳ್ಕೊಡೋ ಮೂಡಲ್ಲಿರ್ಲಿಲ್ಲ. ಮರುವರ್ಷ ಮತ್ತೆ ಅದೇ 30 ಹಾಕಿದ್ರು ಅನ್ನೋದು ಬೇರೆ ಮಾತು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗ್ಳೂರಿಗೆ ಹೋಯ್ತು, ಪಕ್ಕದಲ್ಲೇ ಇರೋ ನಮಗೆ ಸಿಕ್ಕಿದ್ದು 1908ಕ್ಕೆ, ಆ ಬಾಕಿ ನಾನು ತೀರಿಸ್ಕೊಳ್ತಿದೀನಿ ಅನ್ನೋರು.

ಸ್ವಿಚ್ ಹಾಕೋ ಟೈಮು ಅರಮನೇದೇ, ಸಾಯಂಕಾಲ 7. ಮೇಷ್ಟ್ರ ಮಗ ತಾರಸಿ ಮೇಲೆ ನಿಂತಿರ್ತಿದ್ದ, ಆ ಕಡೆ ಆಕಾಶ ಹಳದಿಯಾದ ತಕ್ಷಣ "ಬಂತೂ..." ಅಂತ ಕೂಗೋನು, ಅಲ್ಲಿ 97 ಸಾವಿರ ಬಲ್ಬು, ಇಲ್ಲಿ ನಮ್ಮದು ಉರಿದಷ್ಟು. ಈಗ ಮಧ್ಯೆ ಅಪಾರ್ಟ್‌ಮೆಂಟ್ ಬಂದಿದೆ, ಏನೂ ಕಾಣಲ್ಲ, ವಾಟ್ಸಾಪಲ್ಲಿ ಒಂದು ದೀಪದ ಇಮೋಜಿ ಬೀಳುತ್ತೆ ಅಷ್ಟೇ. 2020ರಲ್ಲಿ ಕೊರೋನ ಅಂತ ಜಂಬೂಸವಾರಿ ಅರಮನೆ ಆವರಣದಲ್ಲೇ ಮುಗೀತಲ್ಲ, ಆ ವರ್ಷ ನಾವೂ ಎಲ್ಲೂ ಹೋಗ್ದೆ ಮಾಸ್ಕ್ ಹಾಕ್ಕೊಂಡು ಅವರವರ ಗೇಟಲ್ಲೇ ನಿಂತು ನಮ್ಮ ಲೈಟೇ ನೋಡಿದ್ವಿ. ಗೊಂಬೆ ನೋಡೋಕೂ ಯಾರೂ ಬರ್ಲಿಲ್ಲ, ಗೊಂಬೆ ಬಾಗಿನದ ಕೊಬ್ಬರಿ ಸಕ್ಕರೆ ಪೂರ್ತಿ ನಾನೇ ತಿಂದೆ.

ಈ ಸಲ ಪ್ರಾಬ್ಲಂ ಆಗಿದ್ದು ಏಳನೇ ಮನೆ. ಅಜ್ಜಿ ಬೆಂಗ್ಳೂರಲ್ಲಿ ಮಗಳ ಮನೆ ಸೇರ್ಕೊಂಡು ಆರು ತಿಂಗಳಾಯ್ತು, ಮನೆ ಬೀಗ, ಮೇನ್ ಆಫು. ಸಾಲಿನ ನಟ್ಟನಡುವೆ ಒಂದು ಹಲ್ಲು ಬಿದ್ದಂಗೆ ಕಾಣ್ತಿತ್ತು. ಪಾಡ್ಯದ ದಿನ ನೋಡ್ದೆ, ಬಿದಿಗೆ ದಿನ ನೋಡ್ದೆ, ತಡ್ಕೊಳ್ಳಕ್ಕಾಗ್ದೆ ಮಗಳಿಗೆ ಫೋನ್ ಮಾಡಿ ಕೇಳಿ, ನಮ್ಮ ತಾರಸಿಯಿಂದ ಅವರ ಸಂಪಿಗೆ ಮರದ ಮೇಲೆ ವೈರ್ ಎಳೆದು ಗೇಟ್‌ವರೆಗೂ ಒಂದು ಸೆಟ್ ಬಿಟ್ಟೆ. 7 ಗಂಟೆಗೆ ವಿಡಿಯೋ ಕಾಲ್ ಮಾಡಿ ತೋರಿಸ್ದೆ.

ಅಜ್ಜಿ ಕನ್ನಡಕ ಹುಡುಕಿ ಹಾಕ್ಕೊಂಡು ಸುಮಾರು ಹೊತ್ತು ನೋಡಿದ್ರು. ಆಮೇಲೆ ಮೊದಲನೇ ಮಾತು, "ಯಾರ ಮೀಟರಿಂದ ಎಳೆದ್ರಿ?"

"ನಮ್ಮದೇ ಅಜ್ಜಿ, ಹತ್ತು ದಿನಕ್ಕೆ ಅರ್ಧ ಯೂನಿಟ್ಟೂ ಆಗಲ್ಲ ಬಿಡಿ."

"ಹಂಗಾದ್ರೆ ಸರಿ. ಗೇಟಿನ ಎಡಗಡೆ ಎರಡು ಉರೀತಿಲ್ಲ ನೋಡು ಮರಿ."