2716ರ ಕಿಟಕಿಗೆ ಬೆಳಕು ಬಿಟ್ಟ ಮಳೆಗಾಲ

ಕಾರವಾರದಲ್ಲಿ ಮಳೆ ಹಿಡಿದ ವಾರವೇ ಪರಿಚಿತರೊಬ್ಬರ ಅಟ್ಟದಿಂದ 8085 ಮೈಕ್ರೊಪ್ರೊಸೆಸರ್ ಕಲಿಸುವ ಹಳೆಯ ತರಬೇತಿ ಬೋರ್ಡೊಂದು ನನ್ನ ಮೇಜಿಗೆ ಬಂದಿತು. ಅದರ ಮೇಲಿದ್ದ 24 ಕಾಲುಗಳ 2716 ಇಪ್ರಾಮ್‌ನ (ಅತಿನೇರಳೆ ಬೆಳಕಿನಿಂದ ಅಳಿಸಿ ಮತ್ತೆ ಬರೆಯಬಹುದಾದ ಸ್ಮರಣೆ ಚಿಪ್‌ನ) ಕಿಟಕಿಗೆ ಅಂಟಿಸಿದ್ದ ಚೀಟಿ ಉದುರಿಹೋಗಿತ್ತು. ಉಪ್ಪುಗಾಳಿಗೆ ಕಾಲುಗಳು ಕಪ್ಪಾಗಿದ್ದವು. ಬೋರ್ಡಿಗೆ ಜೀವ ಕೊಡುವ ಮಾನಿಟರ್ ಪ್ರೋಗ್ರಾಂ ಅದೊಂದರಲ್ಲೇ ಇದ್ದುದರಿಂದ, ಬರೆಯುವುದನ್ನು ಕಲಿಯುವ ಮೊದಲು ಓದುವುದನ್ನು ಕಲಿತೆ. ಮೊದಲೆರಡು ಓದುಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಪೆನ್ಸಿಲ್ ರಬ್ಬರಿನಿಂದ ಕಾಲುಗಳನ್ನು ಉಜ್ಜಿದ ಮೇಲೆ ಸತತ ಮೂರು ಸಲ ಒಂದೇ ಫಲ ಬಂದಾಗ, ಆ 2048 ಬೈಟ್‌ಗಳನ್ನು ಎರಡು ಕಡೆ ಉಳಿಸಿಟ್ಟು, ಅಭ್ಯಾಸಕ್ಕೆ ಬೇರೆ ಚಿಪ್‌ಗಳನ್ನು ತರಿಸಿಕೊಂಡೆ.

ಇಂಟೆಲ್‌ನಲ್ಲಿ ಡೋವ್ ಫ್ರೊಮನ್ 1971ರಲ್ಲಿ ರೂಪಿಸಿದ ಈ ಇಪ್ರಾಮ್ ತಂತ್ರ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪ್ರತಿ ಬಿಟ್ಟಿನ ಟ್ರಾನ್ಸಿಸ್ಟರಿನಲ್ಲಿ, ಸುತ್ತಲೂ ನಿರೋಧಕ ಪದರವಿರುವ ‘ತೇಲು ಗೇಟು’ ಎಂಬ ಪುಟ್ಟ ತುಣುಕಿನೊಳಗೆ ಹೆಚ್ಚಿನ ವೋಲ್ಟೇಜ್ ಎಲೆಕ್ಟ್ರಾನುಗಳನ್ನು ನುಗ್ಗಿಸುತ್ತದೆ. ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಅತಿನೇರಳೆ ಕಿರಣ ಬಿದ್ದಾಗ ಮಾತ್ರ ಶಕ್ತಿ ಪಡೆದು ಹೊರಬೀಳುತ್ತವೆ. ಸಾಮಾನ್ಯ ಗಾಜು ಆ ಕಿರಣವನ್ನು ತಡೆಯುವುದರಿಂದಲೇ ಕಿಟಕಿಯನ್ನು ಕ್ವಾರ್ಟ್ಜ್‌ನಿಂದ ಮಾಡಿರುತ್ತಾರೆ. ನೇರ ಬಿಸಿಲಿನಲ್ಲಿಟ್ಟರೂ ಸುಮಾರು ಒಂದು ವಾರದಲ್ಲಿ ಅಳಿಯುತ್ತದೆಯಂತೆ, ಆದರೆ ನಮ್ಮ ಕರಾವಳಿಯ ಆಷಾಢದಲ್ಲಿ ಒಂದು ವಾರದ ಬಿಸಿಲನ್ನು ಎಲ್ಲಿಂದ ತರುವುದು? ನೀರು ಶುದ್ಧೀಕರಿಸುವ ಯಂತ್ರದ 254 ನ್ಯಾನೋಮೀಟರ್ ದೀಪವನ್ನು ತಗಡಿನ ಡಬ್ಬಿಯೊಳಗೆ ಕೂರಿಸಿ, ಮುಚ್ಚಳ ತೆಗೆದೊಡನೆ ದೀಪ ಆರುವಂತೆ ಸ್ವಿಚ್ ಜೋಡಿಸಿದೆ. ಕಣ್ಣಿಗೂ ಚರ್ಮಕ್ಕೂ ಆ ಬೆಳಕು ಅಪಾಯಕಾರಿಯಾದ್ದರಿಂದ ಈ ಸ್ವಿಚ್ಚನ್ನು ಯಾರೂ ಬಿಡಬಾರದು.

ಹತ್ತು ನಿಮಿಷಕ್ಕೆ ಎಲ್ಲ ಬೈಟ್‌ಗಳೂ ಎಫ್‌ಎಫ್ (ಎಲ್ಲ ಬಿಟ್‌ಗಳೂ 1, ಅಂದರೆ ಖಾಲಿ) ಎಂದು ತೋರಿದವು. ಅಳಿಸಿತೆಂದು ನಂಬಿ ಬರೆದೆ. ಮರುದಿನ ಕೆಲವು ಬೈಟ್‌ಗಳು ಬದಲಾಗಿದ್ದವು. ಅರ್ಧ ಖಾಲಿಯಾದ ಗೇಟು 5 ವೋಲ್ಟ್‌ನಲ್ಲಿ ಖಾಲಿಯೆಂದೇ ಕಾಣಿಸಿ, ವಿದ್ಯುತ್ ತುಸು ಇಳಿದರೆ ಹಳೆಯ ಸೊನ್ನೆಯನ್ನು ಮತ್ತೆ ತೋರಿಸುತ್ತದೆ ಎಂಬುದು ಹೀಗೆ ತಿಳಿಯಿತು. ಈಗ 25 ನಿಮಿಷ ಬೆಳಕಿಗೆ ಒಡ್ಡಿ, 4.75 ವೋಲ್ಟ್‌ನಲ್ಲಿಯೂ ಓದಿ ನೋಡದೆ ನಾನು ಮುಂದುವರಿಯುವುದಿಲ್ಲ.

ಬರೆಯುವಾಗ 21ನೆಯ ಕಾಲಿಗೆ 25 ವೋಲ್ಟ್ ಬೇಕು. 26ನ್ನು ಮೀರಿದರೆ ಚಿಪ್ ಹಾಳಾಗಬಹುದಾದ್ದರಿಂದ, ವೋಲ್ಟೇಜ್ ಕ್ಷಣಕಾಲ ಜಿಗಿಯದಂತೆ ಆ ಕಾಲಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಟ್ಟಿದ್ದೇನೆ. ವಿಳಾಸ ಮತ್ತು ದತ್ತಾಂಶವನ್ನಿಟ್ಟು 18ನೆಯ ಕಾಲಿಗೆ 50 ಮಿಲಿಸೆಕೆಂಡಿನ ಮಿಡಿತ ಕೊಟ್ಟರೆ ಒಂದು ಬೈಟ್ ಕೂರುತ್ತದೆ, ಪೂರ್ತಿ ಚಿಪ್‌ಗೆ 100 ಸೆಕೆಂಡುಗಳ ಮೇಲಾಗುತ್ತದೆ. ಇದರ ದುಪ್ಪಟ್ಟು ಹಿಡಿಯುವ 2732 ಚಿಪ್‌ನಲ್ಲಿ ಅದೇ 21ನೆಯ ಕಾಲು ವಿಳಾಸದ ತಂತಿಯಾಗಿರುವುದರಿಂದ ಎರಡನ್ನೂ ಒಂದೇ ಸಾಕೆಟ್ಟಿನಲ್ಲಿ ಪ್ರಯೋಗಿಸಬಾರದು. ಬರೆಯುವುದೆಂದರೆ 1ನ್ನು 0 ಮಾಡುವುದು ಮಾತ್ರ. ಒಂದೇ ಬಿಟ್ ತಪ್ಪಿ ಸೊನ್ನೆಯಾದರೂ ಇಡೀ ಚಿಪ್ಪನ್ನು ಮತ್ತೆ ಡಬ್ಬಿಗೆ ಹಾಕಬೇಕು.

ಮೂಲ ಪ್ರೋಗ್ರಾಮಿನ ಪ್ರತಿ ಬರೆದ ಹೊಸ ಚಿಪ್‌ನ ಕಿಟಕಿಗೆ ಬೆಳಕು ದಾಟದ ಚೀಟಿ ಅಂಟಿಸಿ, ದಿನಾಂಕ ನಮೂದಿಸಿ, ಬೋರ್ಡಿನಲ್ಲಿ ಕೂರಿಸಿ ವಿದ್ಯುತ್ ಕೊಟ್ಟೆ. ಏಳು ಗೆರೆಯ ಕೆಂಪು ಅಂಕಿಗಳು ಬೆಳಗಿದವು.