ಕೆಲಸಕ್ಕೆ ಹೋದ ಊರಿಗೇ ಮತ್ತೆ ಯಾಕೆ ಹೋಗ್ತೀರಿ?

ಮನೆಗೆ ಬಂದ ನೆಂಟರು, ಆಫೀಸಿನ ಹುಡುಗರು, ಎದುರುಮನೆ ಮೇಷ್ಟ್ರು, ಎಲ್ಲರೂ ಕೇಳುವುದು ಇದನ್ನೇ. "ವರ್ಷದಲ್ಲಿ ಆರು ತಿಂಗಳು ಊರೂರು ಸುತ್ತುತ್ತೀರಿ. ರಜೆ ಸಿಕ್ಕರೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಮತ್ತೆ ಅಲ್ಲಿಗೇ ಹೋಗ್ತೀರಲ್ಲ, ಬೇಜಾರಾಗಲ್ವಾ?"

ನೋಡಿಲ್ಲ, ಅದಕ್ಕೇ ಹೋಗ್ತೀನಿ ಅಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ವೇಬ್ರಿಡ್ಜ್ ರಿಪೇರಿ. ಲಾರಿ, ಟ್ರ್ಯಾಕ್ಟರುಗಳನ್ನು ಹಾಗೇ ಮೇಲೆ ಹತ್ತಿಸಿ ತೂಗುತ್ತಾರಲ್ಲ, ಅದು. ನಮ್ಮ ತುಮಕೂರಿನ ಕಡೆ ವೇಬ್ರಿಡ್ಜ್ ಅಂತಲೇ ಅನ್ನುತ್ತೇವೆ, ಬಾಗಲಕೋಟೆ, ಬೆಳಗಾವಿ ಕಡೆ ಕಾಟಾ ಅಂತಾರೆ. ಹಾಸಿನ ಕೆಳಗೆ ಆರೋ ಎಂಟೋ ಲೋಡ್‌ಸೆಲ್ ಇರುತ್ತವೆ. ಲಾರಿಯ ಭಾರಕ್ಕೆ ಆ ಉಕ್ಕಿನ ತುಂಡುಗಳು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಎಷ್ಟು ಬಾಗಿತು ಅನ್ನುವುದು ವೈರಿನಲ್ಲಿ ಹೋಗಿ ಒಳಗಿನ ಡಿಸ್‌ಪ್ಲೇಯಲ್ಲಿ ಕೆಜಿ ಆಗಿ ಬರುತ್ತದೆ. ಇದು ಕೆಟ್ಟರೆ ಫೋನು ನನಗೆ. ಕೆಡುವುದು ಸಕ್ಕರೆ ಕಾರ್ಖಾನೆಯಲ್ಲಿ, ಗಣಿಯಲ್ಲಿ, ಬಂದರಿನಲ್ಲಿ, ಎಪಿಎಂಸಿಯಲ್ಲಿ. ಪಕ್ಕದಲ್ಲೇ ಗುಡಿ, ಕೋಟೆ, ಸಮುದ್ರ ಇದ್ದರೂ ನಾನು ನೋಡುವುದು ಹಾಸಿನ ಕೆಳಗಿನ ಗುಂಡಿಯನ್ನು.

ಪಣಂಬೂರಿನ ಕಥೆ ಕೇಳಿ. ಮಂಗಳೂರಿನ ಬಂದರು ಇರುವುದು ಅಲ್ಲೇ, ಬೀಚೂ ಅದರ ಪಕ್ಕದಲ್ಲೇ. ನಾನು ಐದು ಸಲ ಹೋಗಿದ್ದೆ. ಪ್ರತಿ ಸಲವೂ ಮಳೆಗಾಲ, ಯಾಕೆಂದರೆ ಗುಂಡಿಯಲ್ಲಿ ನೀರು ನಿಂತು, ವೈರುಗಳೆಲ್ಲ ಸೇರುವ ಜಂಕ್ಷನ್ ಬಾಕ್ಸ್ ಕೈಕೊಡುವುದು ಆಗಲೇ. ಕಲ್ಲಿದ್ದಲಿನ ಲಾರಿಗಳ ಸಾಲು, ನೀರೆತ್ತುವ ಮೋಟರಿನ ಸದ್ದು, ಮೊಣಕಾಲವರೆಗೆ ಕಪ್ಪು ನೀರು. ಕೆಲಸ ಮುಗಿಸಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮನೆ. ಆರನೇ ಸಲ ಮನೆಯವರ ಜೊತೆ ಹೋದಾಗಲೇ ಅಲ್ಲೊಂದು ಸಮುದ್ರ ಇದೆ ಅಂತ ನನಗೆ ಗೊತ್ತಾಗಿದ್ದು ಅಂದರೂ ತಪ್ಪಿಲ್ಲ. ದೂರದಲ್ಲಿ ಬಂದರಿನ ಒಳಗೆ ಹೋಗಲು ಕಾಯುತ್ತಿದ್ದ ಹಡಗುಗಳನ್ನು ನೋಡಿ ಮಗ ಕೇಳಿದ, "ಅಪ್ಪಾ, ಇದನ್ನ ಹೇಗೆ ತೂಗ್ತೀರಾ?" ಒಳ್ಳೇ ಪ್ರಶ್ನೆ. ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ ಅಂಕಿಗಳನ್ನು ಬರೆದಿರುತ್ತಾರೆ. ನೀರು ಯಾವ ಅಂಕಿಯವರೆಗೆ ಬಂದಿದೆ ನೋಡಿ, ಖಾಲಿ ಇದ್ದಾಗಿನದನ್ನು ಕಳೆದು, ಮಾಲಿನ ತೂಕದ ಲೆಕ್ಕ ಹಾಕುತ್ತಾರೆ. ಸಮುದ್ರವೇ ಅಲ್ಲಿ ತಕ್ಕಡಿ, ರಿಪೇರಿಗೆ ನನ್ನನ್ನು ಕರೆಯುವವರಿಲ್ಲ.

ಸಂಡೂರಿನದು ಚಿಕ್ಕ ಕಥೆ. ಅಲ್ಲಿನ ಗಣಿಗಳಿಗೆ ಹೋಗಿ ಬಂದ ಅಂಗಿಯನ್ನು ನನ್ನ ಹೆಂಡತಿ ಬೇರೆ ಬಕೆಟ್ಟಿನಲ್ಲೇ ನೆನೆಹಾಕುತ್ತಾಳೆ. ಮೂರು ನೀರು ಬದಲಿಸಿದರೂ ಕೆಂಪು ಹೋಗುವುದಿಲ್ಲ. ಆ ಊರೆಂದರೆ ಬರೀ ಅದಿರಿನ ಧೂಳು ಅಂತ ಅವಳು ನಂಬಿದ್ದಳು, ನಾನೂ ಹಾಗೇ ಹೇಳಿಕೊಂಡು ಬಂದಿದ್ದೆ. ಒಂದು ವರ್ಷ ಮಳೆ ನಿಂತ ಮೇಲೆ ಹಂಪಿಗೆ ಹೋಗುವ ದಾರಿಯಲ್ಲಿ ಸುಮ್ನೆ ಕಾರು ಆ ಕಡೆ ತಿರುಗಿಸಿದೆ. ಗುಡ್ಡ ಪೂರ್ತಿ ಹಸಿರು, ಮೋಡ ಕೆಳಗಿಳಿದು ರಸ್ತೆಗೆ ಬಂದಿತ್ತು. "ಇಷ್ಟು ವರ್ಷ ನಂಗೆ ಸುಳ್ಳು ಹೇಳಿದ್ರಲ್ಲಾ ರೀ" ಅಂದಳು. ಸುಳ್ಳಲ್ಲ. ನಾನು ನಿಂತ ಜಾಗದಿಂದ ಹಸಿರು ಕಾಣುತ್ತಿರಲಿಲ್ಲ.

ಇನ್ನು ಬಾಗಲಕೋಟೆ ಜಿಲ್ಲೆ. ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ ಕಡೆ ನನ್ನ ಬ್ಯಾಗು ಖಾಯಂ. ಉಳಿಯುವುದು ಬಾಗಲಕೋಟೆ ನವನಗರದ ಒಂದು ಲಾಡ್ಜಿನಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋಗುತ್ತದೆ ಅಂತ ಕಟ್ಟಿದ ಬಡಾವಣೆ ನವನಗರ. ರಸ್ತೆಗಳು ನೇರ, ವಿಳಾಸವೆಲ್ಲ ಸೆಕ್ಟರ್ ನಂಬರು. ರಾತ್ರಿ ಬಂದಿಳಿದವನಿಗೆ ಯಾವ ಊರಿನಲ್ಲಿದ್ದೇನೆ ಅಂತಲೇ ತಿಳಿಯುವುದಿಲ್ಲ.

ಒಂದು ಸಲ ರಾತ್ರಿ ಹನ್ನೊಂದಕ್ಕೆ ಕಾರ್ಖಾನೆಯ ಗೇಟಿಗೆ ಹೋದೆ. ಕಾಕಂಬಿ ವಾಸನೆ ದೂರದಿಂದಲೇ ಮೂಗಿಗೆ ಹೊಡೆಯುತ್ತಿತ್ತು. ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಮೇಲೆ ಬೆಟ್ಟದ ಹಾಗೆ ಕಬ್ಬು, ಪ್ರತಿಯೊಂದರಲ್ಲೂ ಬೇರೆ ಬೇರೆ ಹಾಡು ಜೋರಾಗಿ. ಸಾಲಿನ ಕೊನೆ ಕಾಣುತ್ತಿರಲಿಲ್ಲ. ಇಲಿ ಕೇಬಲ್ ಕಡಿದಿತ್ತು, ಕಾಟಾ ನಿಂತಿತ್ತು. ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ಒಣಗಿದಷ್ಟೂ ತೂಕ ಹೋಗುತ್ತದೆ, ತೂಕ ಹೋದರೆ ರೈತನ ದುಡ್ಡು ಹೋಗುತ್ತದೆ. ಹಾಗಾಗಿ ನನ್ನ ಬೆನ್ನ ಹಿಂದೆ ನಿಂತವರಿಗೆ ಮಾತಾಡುವ ತಾಳ್ಮೆ ಇರಲಿಲ್ಲ. ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹಾಸಿನ ಕೆಳಗೆ ಮಲಗಿದೆ. ಕಡಿದ ತುದಿ ಸಿಗಲು ಎರಡು ಗಂಟೆ. ಆಮೇಲೆ ಪರೀಕ್ಷೆಯ ತೂಕದ ಕಲ್ಲುಗಳನ್ನು ನಾಲ್ಕು ಮೂಲೆಗೂ ಹೊತ್ತು, ಎಲ್ಲಿಟ್ಟರೂ ಒಂದೇ ತೂಕ ತೋರಿಸುತ್ತದಾ ನೋಡಬೇಕು. ಒಂದೊಂದು ಕಲ್ಲು 20 ಕೆಜಿ. ಬೆಳಗಿನ ಜಾವ ಮೊದಲ ಟ್ರ್ಯಾಕ್ಟರು ಹತ್ತಿತು. ಅದರ ಡ್ರೈವರ್ ಇಳಿದು ಬಂದು, ಏನೂ ಹೇಳದೆ ಒಂದು ಕಬ್ಬು ಮುರಿದು ಅರ್ಧ ಕೊಟ್ಟ. ಆಮೇಲೆ ಗೇಟಿನ ಹೊರಗೆ ಚಹಾ. ಅಂಥ ಚಹಾ ಆಮೇಲೆ ಎಲ್ಲೂ ಕುಡಿದಿಲ್ಲ, ಸಕ್ಕರೆ ಜಾಸ್ತಿ ಆಗಿತ್ತು ಅನ್ನುವುದೂ ನಿಜ.

ಬಾದಾಮಿ ನನ್ನ ಲಾಡ್ಜಿನಿಂದ ಸುಮಾರು 40 ಕಿಲೋಮೀಟರ್. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ.

ಹೋದ ಜನವರಿಯಲ್ಲಿ ಹೋದೆವು. ನಾನು, ಹೆಂಡತಿ, ಎರಡು ಮಕ್ಕಳು, ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು, ಮೊದಲನೇ ಗುಹೆಗೇ ಸಾಕು ಅಂತ ಕೂತುಬಿಟ್ಟರು. ನಾವು ಮೂರನೆಯದಕ್ಕೆ ಹತ್ತಿದೆವು. ಅಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದು. ಆ ಗುಹೆಯನ್ನು ಕೊರೆಸಿದ ಕಾಲ ಅದರಿಂದಲೇ ಗೊತ್ತಾಗುವುದು. ಮಗನಿಗೆ ಅದಕ್ಕಿಂತ ಕಪ್ಪೆ ಅರಭಟ್ಟನ ಶಾಸನ ನೋಡುವ ಹುಚ್ಚು, ಪಾಠದಲ್ಲಿ ಬಂದಿತ್ತಂತೆ. ಕನ್ನಡದ ತ್ರಿಪದಿ ಸಿಕ್ಕ ಹಳೇ ಬಂಡೆ ಅದು, ಕೆರೆಯ ಆಚೆ ಇದೆ. ಹುಡುಕಿ ನಿಲ್ಲಿಸಿದ ಮೇಲೆ ಒಂದಕ್ಷರವೂ ಓದಲಾಗದೆ ಮುಖ ಸಣ್ಣ ಮಾಡಿಕೊಂಡ. "ಕನ್ನಡ ಅಂದ್ರು?" ಅಂದ. ಕೆಳಗೆ ಬಂದು ನೋಡಿದರೆ ಕೋತಿಯೊಂದು ಅಮ್ಮನ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು ಹೋಗಿತ್ತು. ಊರಿಗೆ ಬಂದ ಮೇಲೆ ಅಮ್ಮ ಎಲ್ಲರಿಗೂ ಹೇಳಿದ್ದು ಆ ಕೋತಿಯ ವಿಷಯ ಮಾತ್ರ. ಚಾಲುಕ್ಯರ ಸುದ್ದಿ ಬರಲೇ ಇಲ್ಲ.

ಮಧ್ಯಾಹ್ನ ಬನಶಂಕರಿಗೆ ಹೋದೆವು. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. "ಬರ್ರೀ ಯಕ್ಕಾ, ರೊಟ್ಟಿ ಊಟ ಮಾಡ್ರಿ" ಅಂತ ಒಬ್ಬರು ನನ್ನ ಹೆಂಡತಿಯ ಕೈ ಹಿಡಿದೇ ಕೂರಿಸಿದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಹಸಿ ಈರುಳ್ಳಿ, ಪುಟ್ಟ ಮಡಕೆಯಲ್ಲಿ ಗಟ್ಟಿ ಮೊಸರು. ಆರು ವರ್ಷದ ಮಗಳು ಮಡಕೆ ವಾಪಸ್ ಕೊಡಲ್ಲ ಅಂತ ಹಟ ಹಿಡಿದಳು. ಅಮ್ಮ ಚೌಕಾಸಿ ಮಾಡಿ ಖಡಕ್ ರೊಟ್ಟಿ ಕಟ್ಟಿಸಿಕೊಂಡರು, ಚೀಲ ತುಂಬ. ನಾನು ಆ ಸೀಮೆಯಲ್ಲಿ ಹನ್ನೆರಡು ವರ್ಷ ಕ್ಯಾಂಟೀನಿನ ಅನ್ನ ಸಾರು ತಿಂದಿದ್ದೇನೆ ಅಂತ ಆಗ ನೆನಪಾಯಿತು.

ಹಾಗಂತ ಮನೆಯವರ ಜೊತೆ ಹೋದರೆ ಎಲ್ಲ ಸಿಗುತ್ತದೆ ಅಂತಲ್ಲ. ಆ ಬೆಳಗಿನ ಜಾವದ ಚಹಾ ಅವರಿಗೆ ತೋರಿಸಲು ನನಗೆ ಆಗಿಲ್ಲ. ತೋರಿಸಿದರೂ ಅದು ಬರೀ ಚಹಾ. ನನ್ನ ಮೊಬೈಲಿನಲ್ಲಿ ಒಂದೇ ಜಿಲ್ಲೆಯ ಫೋಟೋಗಳು ಎರಡು ಥರ ಇವೆ. ನವೆಂಬರಿನವು ಲೋಡ್‌ಸೆಲ್‌ನ ಸೀರಿಯಲ್ ನಂಬರು, ಇಲಿ ಕಡಿದ ಕೇಬಲು, ಗ್ರೀಸು ಮೆತ್ತಿದ ನನ್ನದೇ ಹೆಬ್ಬೆರಳು. ಜನವರಿಯವು ಕೆರೆ, ಕೆಂಪು ಬಂಡೆ, ಫೋಟೋಗೆ ಕಣ್ಣು ಮುಚ್ಚಿಕೊಂಡ ಅಮ್ಮ. ಮೊದಲನೆಯವನ್ನು ಆಫೀಸಿಗೆ ಕಳಿಸುತ್ತೇನೆ, ಎರಡನೆಯವನ್ನು ಅಕ್ಕನಿಗೆ. ಒಂದು ಸಲ ಅದಲು ಬದಲಾಗಿ, ಮ್ಯಾನೇಜರು "ಅಮ್ಮನ ಮಂಡಿ ಹೇಗಿದೆ?" ಅಂತ ಕೇಳಿದ್ದರು.

ವಾಪಸ್ ಬರುವಾಗ ಹೆದ್ದಾರಿ ಪಕ್ಕ ನಾನೇ ಹಿಂದೊಮ್ಮೆ ರಿಪೇರಿ ಮಾಡಿದ ಕಾಟಾ ಕಂಡಿತು. ಕಾರು ನಿಲ್ಲಿಸಿದೆ. "ರಜೆಯಲ್ಲೂ ಇದೇನಾ?" ಅಂದಳು ಹೆಂಡತಿ. ಅಲ್ಲಿನ ಹುಡುಗನಿಗೆ ನನ್ನ ಗುರುತಿತ್ತು. ಲಾರಿ ಇರಲಿಲ್ಲ, ಐದೂ ಜನ ಹಾಸಿನ ಮೇಲೆ ನಿಂತೆವು.

60 ಟನ್ನಿನ ಕಾಟಾ, ತೋರಿಸುವುದು ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ. ಇಂಥದ್ದರಲ್ಲಿ ಇನ್ನೂರು ಕೆಜಿಗಿಂತ ಕಡಿಮೆ ತೂಗಿದರೆ ವ್ಯಾಪಾರಕ್ಕೆ ನಡೆಯುವುದಿಲ್ಲ, ನಿಯಮವೇ ಹಾಗಿದೆ. ನಮ್ಮದು 250 ಬಂತು. ಮಗಳು ಕೆಳಗೆ ಹಾರಿದಳು, 230. "ನಾನು ಇಪ್ಪತ್ತು ಕೆಜಿ!" ಅಂತ ಕುಣಿದಳು. ಅವಳು ಇರುವುದು 18. ಅಮ್ಮ ಕಾರಿನಿಂದ ರೊಟ್ಟಿ ಚೀಲ ತರಿಸಿ ಕೈಯಲ್ಲಿ ಹಿಡಿದು ಮತ್ತೆ ನಿಂತರು. 230. ಕೆಳಗಿಟ್ಟರು, 230. "ನಿನ್ನ ಮಿಷನ್ ಕೆಟ್ಟಿದೆ ಕಣೋ, ಇಷ್ಟು ಭಾರ ಇದೆ, ಒಂಚೂರೂ ತೋರಿಸ್ತಿಲ್ಲ" ಅಂದರು. ಹತ್ತು ಕೆಜಿಯ ಲೆಕ್ಕ ಎಷ್ಟು ವಿವರಿಸಿದರೂ ಒಪ್ಪಲಿಲ್ಲ.

"ಸರ್, ಚೀಟಿ ತೆಗೀಲೇನ್ರಿ?" ಅಂದ ಹುಡುಗ. ಮಗಳು ಮತ್ತೆ ಹತ್ತಿ ನಿಂತಳು. ಗಾಡಿ ನಂಬರು ಹಾಕದೆ ಪ್ರಿಂಟು ಬರುವುದಿಲ್ಲ, ನಮ್ಮ ಕಾರಿನದೇ ಹೊಡೆದ. ಮಾಲು ಅನ್ನುವ ಕಡೆ ಕಬ್ಬು, ಮೆಕ್ಕೆಜೋಳ, ಮರಳು, ಜಲ್ಲಿ ಅಂತೆಲ್ಲ ಪಟ್ಟಿ ಇತ್ತು. ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದ. ಆಮೇಲೆ 'ಇತರೆ' ಒತ್ತಿದ. ಆ ಚೀಟಿ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ.